ಹಾರುಹೊಡೆದ ಗೇಟು ಮುಚ್ಚಿತ್ತು

ವೆಲ್ಡಾ ಮೇನಾರ್ಡ್ ಗಿಡ್ಡ ಹೆಂಗಸು, ದನಿ ಮಾತ್ರ ಗಣಿಯ ಸೈರನ್ನು. ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಅವಳ ಇಂಗ್ಲಿಷ್ ತರಗತಿಯಲ್ಲಿ ನಿಂತು ಕಾಲು ನೋಯಿಸಿಕೊಳ್ಳದವರು ಕಡಿಮೆ. ವಿಧೇಯ ವಿಶೇಷಣ ಯಾವುದು, ಅಲಂಕಾರ ಯಾವುದು, ಗುರುತಿಸಿದ ಮೇಲೇ ಕೂರಬೇಕು.

ಆ ಮುಂಜಾನೆ ಅವಳು ಕೊರಳಿಗೆ ಕೆಂಪು ವಸ್ತ್ರ ಕಟ್ಟಿ, ಉಳಿದ ಶಿಕ್ಷಕರ ಜೊತೆ ಶಾಲೆಯ ಗೇಟಿನಲ್ಲಿ ಮುಷ್ಕರಕ್ಕೆ ನಿಂತಿದ್ದಳು. ಬಸ್ಸು ಹೊರಟರೆ ಮಕ್ಕಳು ಬರುತ್ತಾರೆ, ಶಾಲೆ ತೆರೆಯುತ್ತದೆ, ಮುಷ್ಕರ ಮೊದಲ ದಿನವೇ ಮಣ್ಣುಪಾಲು. ಬಸ್ ಚಾಲಕರ ಸಂಘ ಇನ್ನೂ ಬೆಂಬಲಕ್ಕೆ ಕೈ ಎತ್ತಿರಲಿಲ್ಲ.

ಡಿಪೋಗೆ ಹೊರಟಿದ್ದ ಚಾಲಕ ಹೋಬರ್ಟ್ ಕ್ಲೈನ್ ತನ್ನ ಕಾರು ನಿಲ್ಲಿಸಿ ತಲೆ ಹೊರಹಾಕಿದ. ಅವಳ ಹಳೆಯ ಶಿಷ್ಯ.

"ಏನ್ ಮಿಸ್, ರಸ್ತೇಲೂ ಪಾಠಾನಾ?"

ವೆಲ್ಡಾ ಫಲಕ ಎತ್ತಿದಳು. "ಓದೋ."

"'ವಿ ಆರ್ ಟೈರ್ಡ್'. 'ಟೈರ್ಡ್' ಕ್ರಿಯಾಪದದ ಆಚೆ ಕೂತು ನಿಮ್ಮ ಪಾಡು ಹೇಳ್ತದೆ. ವಿಧೇಯ ವಿಶೇಷಣ. ಇದಕ್ಕೇ ಒಂದು ಚಳಿಗಾಲ ಪೂರ್ತಿ ನನ್ನ ನಿಲ್ಲಿಸಿದ್ರಿ."

"ಪಕ್ಕದವಳ ಫಲಕ?"

"'ಸಂಬಳ ತೂತು ಬಕೆಟ್ಟು'. ರೂಪಕ. 'ಬಕೆಟ್ಟಿನ ಹಾಗೆ' ಅಂದಿದ್ರೆ ಉಪಮೆ."

"ಪರವಾಗಿಲ್ಲ, ತಲೇಲಿ ಏನೋ ಉಳಿದಿದೆ. ಬಸ್ಸು ನಿಲ್ಲಿಸ್ತೀಯಾ?"

ಹೋಬರ್ಟನ ನಗು ಇಂಗಿತು. "ಸಂಘ ಓಡಿಸಿ ಅಂದಿದೆ, ಮಿಸ್. ಆದ್ರೆ ನಾವು ಗಣಿ ಮನೆಯೋರು. ಮುಷ್ಕರದೋರು ನಿಂತ ಸಾಲು ದಾಟಿದ್ರೆ ನಮ್ಮವ್ವ ಮನೆಗೇ ಸೇರಿಸಲ್ಲ. ನೀವೋ ಇಲ್ಲಿ ನಿಂತಿದ್ದೀರಿ. ಬಸ್ಸು ಇಲ್ಲಿಗೆ ಬರೋ ಹೊತ್ತಿಗೆ ಮಕ್ಕಳು ಹತ್ತಿರ್ತಾರೆ, ಅವರನ್ನ ನಡುರಸ್ತೇಲಿ ಇಳಿಸೋಕಾಗುತ್ತಾ? ಬಸ್ಸು ಹೊರಡೋ ಡಿಪೋ ಗೇಟಲ್ಲಿ ಒಂದು ನಾಯಿನೂ ಇಲ್ಲ."

ಹೇಳಿ ಹೊರಟೇಬಿಟ್ಟ.

ವೆಲ್ಡಾಗೆ ಕಪಾಳಕ್ಕೆ ಬಿಗಿದಂತಾಯಿತು. ಅವಳೂ ಗಣಿಯವನ ಮಗಳೇ. ಫಲಕಗಳ ಮೇಲೆ ಚಂದದ ಮಾತು ಬರೆಯುವ ಭರದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನೇ ಮರೆತಿದ್ದರು. ಕೈಲಿದ್ದ ಕಾಫಿ ಚೆಲ್ಲಿ, ಫಲಕ ಹೆಗಲಿಗೇರಿಸಿ ಡಿಪೋ ಕಡೆಗೆ ಇಳಿಜಾರಿನಲ್ಲಿ ಓಡಿದಳು. ಮುಖದ ತುಂಬ ನಗು. ಹಿಂದಿನಿಂದ ಗೆಳತಿಯರು ಕೂಗುತ್ತಿದ್ದರು, ನಿಲ್ಲಲು ಪುರುಸೊತ್ತಿರಲಿಲ್ಲ.

ಡಿಪೋ ಗೇಟು ಹಾರುಹೊಡೆದಿತ್ತು, ಎಂಜಿನ್ನುಗಳು ಗುರುಗುಡುತ್ತಿದ್ದವು. ಗೇಟಿನ ನಟ್ಟನಡುವೆ ಒಬ್ಬಳೇ ನಿಂತು, ಏದುಸಿರಲ್ಲಿ ಫಲಕವನ್ನು ತಲೆಕೆಳಗಾಗಿ ಹಿಡಿದಳು. ಮೊದಲ ಬಸ್ಸಿನ ದೀಪ ಮುಖಕ್ಕೇ ಬಂದು, ನಿಂತಿತು. ಹೋಬರ್ಟ್ ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಎಲ್ಲ ಬಸ್ಸುಗಳಿಗೂ ಕೇಳುವ ರೇಡಿಯೋ ಮೈಕು ಎತ್ತಿಕೊಂಡ.

"ಎಲ್ಲರೂ ಕೇಳ್ರಪ್ಪಾ. ದ ಗೇಟ್ ಈಸ್ ಕ್ಲೋಸ್ಡ್."

ಹಿಂದಿನ ಬಸ್ಸುಗಳು ಒಂದೊಂದಾಗಿ ಸದ್ದಡಗಿದವು. ವೆಲ್ಡಾ ಫಲಕವನ್ನು ನೆಟ್ಟಗೆ ತಿರುಗಿಸಿ ಹಿಡಿದಳು.

"'ಕ್ಲೋಸ್ಡ್' ಏನೋ ಅದು?"

"ವಿಧೇಯ ವಿಶೇಷಣ." ಅವನು ತೆರೆದ ಗೇಟನ್ನು ಅತ್ತಿತ್ತ ನೋಡಿದ. "ನೀವು ಅಡ್ಡ ನಿಂತಿದ್ರಿಂದ ಅಲಂಕಾರನೂ ಹೌದು, ಮಿಸ್."

"ಸರಿ. ಕೂತಿದ್ದು ಸಾಕು, ಇಳಿದು ಬಾ. ಇಲ್ಲಿ ನಿಂತ್ಕೋ."