ಡಾಕ್ಟರು ಕೇಳದೆ ಬಿಟ್ಟ ಪ್ರಶ್ನೆ

ಕಲಿತದ್ದು ರೇಡಿಯೋ ರಿಪೇರಿ, ಮಾಡುತ್ತಿದ್ದುದು ಕಂಪ್ಯೂಟರ್ ರಿಪೇರಿ, ಆದರೂ ಬೀದಿಯವರ ಬಾಯಲ್ಲಿ ಅವರು ಡಾಕ್ಟರು. ಕೆಟ್ಟ ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು ಸದ್ದು ಆಲಿಸುತ್ತಿದ್ದುದರಿಂದ ಬಂದ ಹೆಸರು. ಒಮ್ಮೆ ಯಾರೋ ಹಲ್ಲುನೋವೆಂದು ಅಂಗಡಿಯ ಬೆಂಚಿನ ಮೇಲೆ ಬಂದು ಕೂತಿದ್ದೂ ಉಂಟು. ಮೊದಮೊದಲು ಅವರಿಗೂ ನಗು ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ನಗುವುದಕ್ಕೂ ಬೇಸರ. ಬೆಳಿಗ್ಗೆ ಷಟರ್ ಎತ್ತುವಾಗಲೇ ಸಂಜೆ ಅದನ್ನು ಇಳಿಸುವ ಯೋಚನೆ.

ಬರುವವರದೆಲ್ಲ ಒಂದೇ ರಾಗ: ನಿನ್ನೆ ಚೆನ್ನಾಗಿತ್ತು, ಇವತ್ತು ಏಳುತ್ತಿಲ್ಲ. ಇನ್ನೊಂದು ಪ್ರತಿ ಇಟ್ಟಿದ್ದೀರಾ ಎಂದರೆ ನೆಲ ನೋಡುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಾಕ್ಟರು ಬೈಯುತ್ತಿರಲಿಲ್ಲ, ಬೈಯಲಿಕ್ಕೂ ತ್ರಾಣ ಬೇಕು. ಡ್ರಾಯರಿನಿಂದ ಗೀರುಬಿದ್ದ ಒಂದು ಸಿ.ಡಿ. ತೆಗೆಯುತ್ತಿದ್ದರು. ಅದನ್ನು ಹಾಕಿದರೆ ಯಂತ್ರ ತನ್ನ ಕೆಟ್ಟ ಡಿಸ್ಕಿನ ಹಂಗಿಲ್ಲದೆ ಆ ಸಿ.ಡಿ.ಯಿಂದಲೇ ಏಳುತ್ತದೆ, ಆಮೇಲೆ ಸಾಯುತ್ತಿರುವ ಡಿಸ್ಕಿನಲ್ಲಿದ್ದುದನ್ನು ಕೇಬಲ್ ಮೂಲಕ ಪಕ್ಕದ ಯಂತ್ರಕ್ಕೆ ಸಾಗಿಸಬಹುದು. ಡಿಸ್ಕ್ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳಲಾಗದು. ಆದ್ದರಿಂದ ಕೈ ಹಚ್ಚುವ ಮುಂಚೆ ತಪ್ಪದೆ ಕೇಳುತ್ತಿದ್ದರು: ಮೊದಲು ಯಾವುದು ಬೇಕು? ಮಾಲೀಕರು ಹೇಳಿದ್ದೇ ಮೊದಲು. ಒಬ್ಬಾತ ಮದುವೆಯ ಫೋಟೋ ಬಿಟ್ಟು ನಾಯಿಯ ಫೋಟೋ ತೆಗೆಸಿದ.

ಅಂದು ಮಧ್ಯಾಹ್ನ ಬಂದದ್ದು ಸ್ವಂತ ಮಗಳ ಹಳೆಯ ಲ್ಯಾಪ್‌ಟಾಪ್. ಬಸ್ಸಿನಿಂದ ಇಳಿಯುವಾಗ ಕೈಜಾರಿ ಬಿದ್ದಿತ್ತು. ಅದರಲ್ಲಿ ಅವಳ ಪ್ರಬಂಧವಿತ್ತು: ಎರಡು ವರ್ಷ ಹಳ್ಳಕೊಳ್ಳ ಸುತ್ತಿ, ನೀರು ಪರೀಕ್ಷಿಸಿ ಬರೆದದ್ದು, ಮುಂದಿನ ವಾರ ಕಾಲೇಜಿಗೆ ಒಪ್ಪಿಸಬೇಕಾದದ್ದು. ಅದಕ್ಕೊಂದು ಪ್ರತಿ ಮಾಡಿಕೊಡುತ್ತೇನೆಂದು ಡಾಕ್ಟರು ತಿಂಗಳುಗಟ್ಟಲೆ ಹೇಳುತ್ತಲೇ ಇದ್ದರು, ನಾಳೆ, ನಾಡಿದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಗಳು ಅದನ್ನು ಎತ್ತಿ ಆಡಲಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಪ್ರಬಂಧದ ಗೈಡನ್ನು ಕಂಡು ಬರುತ್ತೇನೆಂದು ಹೊರಟಳು. ತಾಯಿ ಹೋದಂದಿನಿಂದ ಅಪ್ಪ ಮಗಳ ನಡುವೆ ಮಾತೆಂದರೆ ಊಟ ಆಯಿತೇ, ಬೀಗ ಹಾಕಿದೆಯಾ, ಅಷ್ಟೇ.

ಸಿ.ಡಿ.ಯಿಂದ ಯಂತ್ರವೇನೋ ಎದ್ದಿತು, ನೆಟ್‌ವರ್ಕ್ ಏಳಲಿಲ್ಲ. ಡಾಕ್ಟರು ಕೇಬಲ್ ಬದಲಿಸಿದರು, ಅದನ್ನು ಬೇರೆ ಪೋರ್ಟಿಗೆ ಚುಚ್ಚಿದರು, ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸವನ್ನು ತಾವೇ ಟೈಪ್ ಮಾಡಿದರು. ಕೊನೆಗೆ ಪಕ್ಕದ ಯಂತ್ರ ಓಗೊಟ್ಟಿತು. ಅಷ್ಟರಲ್ಲಿ ಡಿಸ್ಕ್ ಕಾದು ಕಟಕಟ ಎನ್ನುತ್ತಿತ್ತು. ಪರದೆಯ ಮೇಲೆ ಎರಡು ಫೋಲ್ಡರ್: ಒಂದು 'ಪ್ರಬಂಧ', ಇನ್ನೊಂದು 'ಅಮ್ಮ'.

ಎರಡನೆಯದು ಏನೆಂದು ಅವರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಗಳು ಹಾಸಿಗೆಯ ಪಕ್ಕ ಇದೇ ಲ್ಯಾಪ್‌ಟಾಪ್ ಇಟ್ಟುಕೊಂಡು ತಾಯಿಯ ಮಾತನ್ನು ರೆಕಾರ್ಡ್ ಮಾಡುತ್ತಿದ್ದಳು. ಅಪ್ಪ ಒಳಗೆ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆಮೇಲೆ ಅದನ್ನು ಕೇಳಿಸು ಎನ್ನಲು ಡಾಕ್ಟರಿಗೆ ಬಾಯಿ ಬರಲಿಲ್ಲ. ಹೆಂಡತಿಯ ದನಿ ಹೇಗಿತ್ತೆಂಬುದೇ ಈಚೆಗೆ ಮಸುಕಾಗುತ್ತಿತ್ತು, ಆ ಸಂಕಟವನ್ನು ಯಾರ ಮುಂದೆ ಹೇಳುವುದು?

ಮಗಳಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಿದರೆ 'ಪ್ರಬಂಧ' ಎಂದುಬಿಟ್ಟಾಳು ಎಂಬ ಭಯ. ಧ್ವನಿಯ ಫೈಲುಗಳು ಚಿಕ್ಕವು, ಎರಡು ನಿಮಿಷದ ಕೆಲಸ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು 'ಅಮ್ಮ' ಫೋಲ್ಡರಿಗೆ ಕೈಹಾಕಿದರು.

ಬಿದ್ದಾಗ ಡಿಸ್ಕ್ ಪೆಟ್ಟು ತಿಂದದ್ದು ಸರಿಯಾಗಿ ಅಲ್ಲೇ, ಆ ಫೈಲುಗಳಿದ್ದ ಜಾಗದಲ್ಲಿ. ಕೆಟ್ಟ ಜಾಗ ಸಿಕ್ಕರೆ ಅದನ್ನು ಬಿಟ್ಟು ಚೆನ್ನಾಗಿರುವುದನ್ನು ಮೊದಲು ಎತ್ತಿಕೊಳ್ಳಬೇಕು, ಹಟ ಹಿಡಿದರೆ ಇದ್ದದ್ದೂ ಹೋಗುತ್ತದೆ. ಇದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವರು ಅವರೇ. ಆದರೂ ಬಿಡಲಿಲ್ಲ. ಮತ್ತೆ ಓದು, ಮತ್ತೆ ಓದು ಎಂದು ಆ ಬಡ ಡಿಸ್ಕಿನ ಪ್ರಾಣ ಹಿಂಡಿದರು. ಕೊನೆಯ ಫೈಲೂ ಈಚೆ ಬಂತು. ಆಮೇಲೆ ಪ್ರಬಂಧ ಶುರುಮಾಡಿದರೆ, ಎರಡು ಅಧ್ಯಾಯ ಬರುವಷ್ಟರಲ್ಲಿ ಡಿಸ್ಕ್ ನಿಂತೇಹೋಯಿತು. ಕಿವಿಗೆ ಹಿಡಿದರೆ ಸದ್ದೇ ಇಲ್ಲ.

ಸಂಜೆ ಮಗಳು ಬಂದಾಗ ಸುಳ್ಳು ಹೇಳಬಹುದಿತ್ತು. ಡಿಸ್ಕ್ ಬರುವಾಗಲೇ ಸತ್ತಿತ್ತು ಎಂದರೆ ನಂಬದೆ ಏನು ಮಾಡುತ್ತಿದ್ದಳು? ಆದರೆ ಸುಳ್ಳು ಹೆಣೆಯುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಎರಡು ಅಧ್ಯಾಯ ಮಾತ್ರ ಸಿಕ್ಕಿತು, ಮಿಕ್ಕದ್ದು ಹೋಯಿತು, ಅಮ್ಮನ ಮಾತನ್ನು ಮೊದಲು ತೆಗೆದೆ ಎಂದು ನಡೆದದ್ದನ್ನು ನಡೆದಂತೆ ಹೇಳಿದರು.

ಅವಳು ಬೆಂಚಿನ ಮೇಲೆ ಕುಸಿದಳು. ಅಳಲಿಲ್ಲ, ಕೂಗಾಡಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು ಡಾಕ್ಟರಿಗೆ.

"ಒಂದು ಮಾತು ಕೇಳಬಾರದಿತ್ತಾ ಅಪ್ಪ?" ಎಂದಳು. "ಅಮ್ಮನ ಮಾತೆಲ್ಲ ನನ್ನ ಫೋನಲ್ಲೂ ಇದೆ. ದಿನಾ ಬಸ್ಸಲ್ಲಿ ಕೇಳ್ತೀನಿ."

"ನಂಗೆ ಗೊತ್ತಿರಲಿಲ್ಲ ಕಣಮ್ಮ."

"ಅಮ್ಮನ ಹೆಸರೇ ಎತ್ತಲಿಲ್ಲವಲ್ಲ ನೀನು," ಎಂದಳು ಮಗಳು. "ನಿಂಗೆ ಬೇಡವೇನೋ ಅಂದ್ಕೊಂಡು ನಾನೊಬ್ಬಳೇ ಕೇಳ್ತಿದ್ದೆ."