ಹೊಂಗೆ ಮರದ ರಾಜಹಕ್ಕಿ

ನಮ್ಮನೆಯವರು ರೇಣುಕಾಪ್ರಸಾದ್‌ಗೆ ವಸಂತನರಸಾಪುರದ ಫ್ಯಾಕ್ಟ್ರೀಲಿ ವಾರಕ್ಕೆ ಒಂದೇ ರಜ. ಆ ಭಾನುವಾರವೂ ಮನೇಲಿ ಕೂರೋ ಜಾಯಮಾನ ಅಲ್ಲ. ಬೆಳಕು ಹರಿಯೋದ್ರೊಳಗೆ ಕುತ್ತಿಗೆಗೆ ಬೈನಾಕ್ಯುಲರ್ ನೇತಾಕ್ಕೊಂಡು, ಬಂದೋರ್ನ ಕರ್ಕೊಂಡು, ಮರಳೂರು ಕೆರೆ, ಕುಣಿಗಲ್ ಕೆರೆ ಅಂತ ಹಕ್ಕಿ ತೋರಿಸೋಕೆ ಹೊರಟ್ಬಿಡೋರು. ಬಿಟ್ಟಿ ಚಾಕರಿ! "ಹಕ್ಕಿ ನೋಡಿದ್ರೆ ಹೊಟ್ಟೆ ತುಂಬುತ್ತೇನ್ರೀ?" ಅಂದ್ರೆ, "ಒಂದ್ಸಲ ಕಣ್ತುಂಬ ನೋಡಿದೋರು ಮರ ಕಡಿಯೋಕೆ ಬಿಡಲ್ಲ ಕಣೇ" ಅನ್ನೋರು. ಇದ್ದ ಆಸೆ ಅದೊಂದೇ.

ಬರಬರ್ತಾ ಜನವೇ ಇಲ್ಲ. ಹಕ್ಕಿ ನೋಡೋರಿಗೆ ಅಂತ ಇವರು ಮಾಡಿದ್ದ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹಾಕೋರು ರಾಶಿ, ಕೆರೆ ಏರಿ ಮೇಲೆ ಇವರೊಬ್ಬರೇ. ಒಂದು ಭಾನುವಾರ ಹೋದಷ್ಟೇ ಬೇಗ ವಾಪಸ್ ಬಂದು, ಶೂನೂ ಬಿಚ್ಚದೆ ಕೂತ್ಬಿಟ್ರು. ಬೈಯೋಕೆ ಬಾಯಿ ತೆಗೆದೋಳು ಕಾಫಿಗೆ ಇಡೋಕೆ ಒಳಗೆ ಹೋದೆ.

ಅದೇ ಹೊತ್ತಿಗೆ ಗುಬ್ಬಿ ಹತ್ರ ನಮ್ಮಣ್ಣ ಅಡವಿಯಪ್ಪನ ತೆಂಗಿನ ತೋಟದಲ್ಲಿ, ಬದುವಿನ ಹೊಂಗೆ ಮರಕ್ಕೆ ರಾಜಹಕ್ಕಿ ಗೂಡು ಕಟ್ಟಿತ್ತು. ಗಂಡಿಗೆ ಉದ್ದನೇ ಬಿಳಿ ಬಾಲ, ಗೂಡು ಕೈಗೆಟಕೋ ಕೊಂಬೇಲಿ. ಗೂಡಿರೋ ಜಾಗ ಯಾರಿಗೂ ತೋರಿಸಬಾರ್ದು ಅನ್ನೋದು ಇವರೇ ಗ್ರೂಪಿಗೆ ಮಾಡಿದ್ದ ಕಾನೂನು. ಇವರೇ ಮುರಿದ್ರು. "ರಾಜಹಕ್ಕಿ ಮರಿ ತೋರಿಸ್ತೀನಿ" ಅಂತ ಹಾಕಿದ್ದೇ ತಡ, ತೋಟದ ಮುಂದೆ ಕಾರುಗಳ ಸಾಲು. ಇವರ ಮುಖ ನೋಡ್ಬೇಕಿತ್ತು! ನಮ್ಮ ಮದುವೆ ದಿನಾನೂ ಅಷ್ಟು ಅರಳಿರಲಿಲ್ಲ.

ಮಾರನೇ ದಿನ ಅಣ್ಣ ಫೋನ್ ಮಾಡಿದ. "ಭಾವನೋರೇ, ನೀವೆಲ್ಲ ಹೋದ್ಮೇಲೆ ಒಬ್ಬ ಕ್ಯಾಮೆರಾದವ್ನು ವಾಪಸ್ ಬಂದವ್ನೆ. ಫೋಟೋಗೆ ಅಡ್ಡ ಅಂತ ಗೂಡಿನ ಮುಂದಿನ ಸೊಪ್ಪನ್ನೆಲ್ಲ ಸವರಾಕವ್ನೆ. ಗೂಡು ಬಯಲಾಗ್ಬುಡ್ತು. ಮರಿಗಳ್ನ ಕಾಗೆ ಎತ್ಕೊಂಡೋಯ್ತು."

"ಅವನ ಕೈ ಸೇದೋಗ!" ಅಂತ ನಾನು ಕೂಗಾಡ್ದೆ. ಇವರು ಯಾರನ್ನೂ ಬೈಲಿಲ್ಲ. "ಜಾಗ ತೋರಿಸಿದ್ದು ನಾನು" ಅಂದ್ರು. ಬೈನಾಕ್ಯುಲರ್ ಬೀರು ಮೇಲೆ ಹೋಯ್ತು.

ಶನಿವಾರ ಗ್ರೂಪಲ್ಲಿ ಆ ಫೋಟೋ ಬಂತು. ಹಾಕಿದವನು ಜಯಪ್ರಕಾಶ್, ಇವರೇ ಬೈನಾಕ್ಯುಲರ್ ಹಿಡಿಯೋದು ಕಲಿಸಿದ್ದ ಹುಡುಗ. ಮರಿಗಳೆಲ್ಲ ಬಾಯಿ ತೆರ್ಕೊಂಡು ಮೇಲೆ ನೋಡ್ತಿದ್ವು. ಕೆಳಗೆ ಚಪ್ಪಾಳೆ ಮೇಲೆ ಚಪ್ಪಾಳೆ. "ಪ್ರಸಾದ್ ಸರ್‌ಗೆ ಥ್ಯಾಂಕ್ಸ್. ನಾಳೆ ಎಲ್ಲರೂ ಬರ್ತೀವಿ. ಯಾವ ಗೂಡು ಸರ್?"

ಇವರು ಮೊಬೈಲ್ ನನ್ನ ಕೈಗಿಟ್ರು.

"ಎಷ್ಟು ಚೆನ್ನಾಗಿ ಬಂದಿದೆ ನೋಡೇ," ಅಂದ್ರು. "ಒಂದೆಲೇನೂ ಅಡ್ಡ ಇಲ್ಲ."