ಸೋಮವಾರ ರಜೆ ಪಡೆದ ಸಿಲಿಂಡರು

ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಚಿಕ್ಕಪ್ಪ ಎತ್ತು, ಗಾಡಿ ಎರಡನ್ನೂ ಮಾರಿ ಒಂದು ಹಳೇ ಲಾರಿ ಕೊಂಡ. ಗಾಡಿ ಹೋಯಿತು, ಗಾಡಿಯವನ ಬುದ್ಧಿ ಹೋಗಲಿಲ್ಲ. ದಿನಾ ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೈಯಾಡಿಸಿ ಅದನ್ನು ಮಾತಾಡಿಸುತ್ತಿದ್ದ. ಡ್ರೈವರಾದ ನನ್ನನ್ನು ಮಾತಾಡಿಸುತ್ತಿದ್ದುದು ಬೈಯಬೇಕಾದಾಗ ಮಾತ್ರ. ಆ ಲಾರಿಯಿಂದಲೇ ನಮ್ಮ ಎರಡೂ ಮನೆಯ ಒಲೆ ಉರಿಯಬೇಕಿತ್ತು. ಇಂಜಿನ್ ಕೆಟ್ಟರೆ ಇನ್ನೊಂದು ಹಾಕಿಸುವ ತಾಕತ್ತು ಇಬ್ಬರಿಗೂ ಇರಲಿಲ್ಲ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆದರೆ ಬೆಟ್ಟದಪುರದಿಂದ ಹುಣಸೂರಿಗೆ ಹೊಗೆಸೊಪ್ಪಿನ ಬೇಲು ಸಾಗಿಸುವ ಬಾಡಿಗೆ ಸಿಕ್ಕಿದ್ದು ಪ್ರತಿ ಸೋಮವಾರಕ್ಕೇ. ಬಾಡಿಗೆ ಬಿಡಲು ಮನಸ್ಸಿಲ್ಲ, ಬಸವಣ್ಣನನ್ನು ಎದುರು ಹಾಕಿಕೊಳ್ಳಲು ಧೈರ್ಯವಿಲ್ಲ. ಎಲೆ ಅಡಿಕೆ ಅಗಿಯುತ್ತ ಕೂತು ಚಿಕ್ಕಪ್ಪ ಒಂದು ದಾರಿ ಕಂಡುಹಿಡಿದ.

“ಆರು ಸಿಲಿಂಡ್ರು ಅವೆ ಕಣ್ಲಾ. ಈ ಸೋಮಾರ ಒಂದಕ್ಕೆ ರಜ ಕೊಡು, ಮುಂದಿನ ಸೋಮಾರ ಇನ್ನೊಂದಕ್ಕೆ. ಸವೆಯೋದೂ ಕಮ್ಮಿಯಾಯ್ತದೆ.”

ರಜ ಕೊಡುವ ಕೆಲಸ ನನ್ನದು. ಸರದಿ ಬಂದ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಸೋರುವ ಡೀಸೆಲ್ಲಿಗೆ ಡಬ್ಬ ಕಟ್ಟುತ್ತಿದ್ದೆ. ಮಿಕ್ಕ ಐದರಲ್ಲಿ ಓಡುವ ಲಾರಿ ಚಳಿಜ್ವರ ಬಂದವನ ಹಾಗೆ ನಡುಗುತ್ತಿತ್ತು. ಏರಿನಲ್ಲಿ ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು.

“ಇಂಜಿನ್ ಉದುರೋಯ್ತದೆ ಚಿಕ್ಕಪ್ಪ, ಆರೂ ಓಡ್ಲಿ ಬುಡು,” ಎಂದೆ.

“ನಿಂಗೇನ್ಲಾ ಗೊತ್ತು? ಒಂದಿನಾನಾದ್ರೂ ನೊಗ ಕಟ್ಟಿದ್ದೀಯಾ?” ಎಂದ.

ಕೊನೆಗೆ ಜಗಳ ಹುಣಸೂರಿನ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋಯಿತು. ಆತ ಬೀಡಿ ಬಾಯಿಂದ ಬೀಳುವಷ್ಟು ನಕ್ಕ.

“ರಜ ಎಲ್ಲಿ ಬಂತು ಗೌಡ್ರೆ? ಡೀಸೆಲ್ ನಿಲ್ಸಿದ್ರೆ ಒಳಗಿರೋ ಪಿಸ್ಟನ್ ಸುಮ್ನೆ ಕೂತ್ಕತದಾ? ಮಿಕ್ಕ ಐದೂ ಅದನ್ನ ಎಳ್ಕಂಡು ಓಡಾಡುಸ್ತವೆ. ಸವೆಯೋದು ತಪ್ಪಾಕಿಲ್ಲ, ಮ್ಯಾಲೆ ಈ ನಡುಕಕ್ಕೆ ಬೇರಿಂಗೂ ಹೋಯ್ತವೆ. ಐದು ಉಂಡು ದುಡೀತವೆ, ಒಂದು ಹಸ್ಕಂಡು ದುಡೀತದೆ, ಅಷ್ಟೇಯ.”

ಗೆದ್ದೆನೆಂದು ನಾನು ಮೀಸೆ ತಿರುವಿದೆ. ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. “ಸೋಮಾರದ ದಿನ ಒಟ್ಟೆಗಾಕ್ದೆ ಗೇಯ್ಸಿದ್ನಾ?” ಎಂದು ಒಂದೇ ಮಾತಾಡಿ, ತಾನೇ ಸ್ಪ್ಯಾನರ್ ಹಿಡಿದು ನಟ್ಟು ಬಿಗಿ ಮಾಡಿದ. ನೋಡಿದರೆ ಕಣ್ಣಲ್ಲಿ ನೀರು. ನನಗೆ ಪಾಪ ಅನ್ನಿಸಿತು, ನಗುವೂ ಬಂತು. ಕಬ್ಬಿಣಕ್ಕಾಗಿ ಅಳುವವನನ್ನು ಸಮಾಧಾನ ಮಾಡುವುದು ಹೇಗೆ?

ಮುಂದಿನ ಸೋಮವಾರ ಆರೂ ಸಿಲಿಂಡರಿನಲ್ಲಿ ಜುಮ್ಮೆಂದು ಹೋಗೋಣವೆಂದು ತಲೆ ಬಾಚಿಕೊಂಡು ಬಂದೆ. ಲಾರಿ ಮೈ ತೊಳೆದುಕೊಂಡು ನೆರಳಿನಲ್ಲಿ ನಿಂತಿತ್ತು. ಚಿಕ್ಕಪ್ಪ ಸೋಮವಾರದ ಬಾಡಿಗೆಯನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ.

“ಇಂಜಿನ್ ಉಳ್ಸಕ್ಕೋಗಿ ಬಾಡಿಗೇನೇ ಕಳ್ದ್ಯಲ್ಲ! ಸೋಮಾರ ಒಟ್ಟೆಗೇನ್ ತಿನ್ನಾನ?” ಎಂದು ರೇಗಿದೆ.

“ಅದು ಇಷ್ಟು ದಿನ ಹಸ್ಕಂಡು ಗೇದದೆ ಕಣ್ಲಾ. ವಾರಕ್ಕೊಂದಿನ ನಾವು ಹಸ್ಕಂಡಿರಾನ ಬುಡು.”

ಹಾಗೆಂದವನು ಮಧ್ಯಾಹ್ನ ಎರಡು ಮುದ್ದೆ ಉಂಡ. ನನಗೂ ಇಕ್ಕಲು ಚಿಕ್ಕಮ್ಮನಿಗೆ ಹೇಳಿದ. ಅವನ ಮೇಲೆ ಕೋಪ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.